ಬಯಲಾಟದ ರಾತ್ರಿ ಫೋಕಸ್ ಸಿಗದಿದ್ದರೆ

ಪ್ರಶ್ನೆ: ಕಳೆದ ವರ್ಷ ಎಪಿಎಸ್-ಸಿ ಅನ್ನುವ ಮಧ್ಯಮ ಗಾತ್ರದ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾ ತಗೊಂಡೆ. ಜೊತೆಗೆ ಬಂದ 55-210 ಎಂಎಂ ಲೆನ್ಸಿನಲ್ಲಿ ಹಗಲಿನ ಫೋಟೊಗಳು ಚೆನ್ನಾಗಿ ಬರುತ್ತವೆ. ರಾತ್ರಿ ಯಕ್ಷಗಾನಕ್ಕೆ ಹೋದರೆ ಮಾತ್ರ ಲೆನ್ಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಫೋಕಸ್ ನಿಂತರೂ ಮೈಕಿನ ಮೇಲೋ ಹಿಂದಿನ ಬ್ಯಾನರ್ ಮೇಲೋ ನಿಲ್ಲುತ್ತದೆ. ವ್ಯೂಫೈಂಡರ್ ಒಳಗೆ ಬರೀ ಚುಕ್ಕಿ ಚುಕ್ಕಿ, ಚಿತ್ರ ತಡೆದು ತಡೆದು ಓಡುತ್ತದೆ. ಮುಖ ಸ್ಪಷ್ಟವಾಗಿ ಸಿಕ್ಕ ನಾಲ್ಕು ಫೋಟೊಗಳಲ್ಲಿ ಕಿರೀಟ ಕತ್ತರಿಸಿ ಹೋಗಿದೆ. ಕತ್ತಲಲ್ಲೂ ಫೋಕಸ್ ಮಾಡುವ ದೊಡ್ಡ ಕ್ಯಾಮೆರಾ ತಗೋಬೇಕಾ?

ಉತ್ತರ: ಬೇಡ. ಸದ್ಯಕ್ಕೆ ಕ್ಯಾಮೆರಾ ಬದಲಿಸಬೇಡಿ. ಲೆನ್ಸ್ ಒಂದನ್ನು ಮುಂದೆ ಯಾವಾಗಲಾದರೂ ಸೇರಿಸಿಕೊಳ್ಳಿ, ಅದಕ್ಕೂ ಮೊದಲು ನೋಡುವ ಕ್ರಮ ಬದಲಿಸಿ.

ಹೊಸ ಕ್ಯಾಮೆರಾಗಳ ಜಾಹೀರಾತಿನಲ್ಲಿ ಮೈನಸ್ 4 ಇವಿ, ಮೈನಸ್ 6 ಇವಿ ಬೆಳಕಿನಲ್ಲೂ ಫೋಕಸ್ ಆಗುತ್ತದೆ ಎಂದು ಬರೆದಿರುತ್ತಾರೆ. ಇವಿ ಅಂದರೆ ಬೆಳಕಿನ ಅಳತೆ. ಒಂದೊಂದು ಇವಿ ಇಳಿದ ಹಾಗೆ ಬೆಳಕು ಅರ್ಧ ಅರ್ಧ ಆಗುತ್ತದೆ. ಆ ಅಂಕಿ ಸುಳ್ಳಲ್ಲ, ಆದರೆ ಯಾವ ಲೆನ್ಸ್ ಹಾಕಿ ಅಳೆದರು ಅನ್ನುವುದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕ್ಯಾನನ್ ಆರ್6 ಕ್ಯಾಮೆರಾಗೆ ಮೈನಸ್ 6.5 ಅಂತ ಹೇಳುವುದು ಎಫ್/1.2 ಲೆನ್ಸ್ (ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸ್ ದೊಡ್ಡದಾಗಿ ತೆರೆಯುತ್ತದೆ) ಹಾಕಿ, ನಡುವಿನ ಫೋಕಸ್ ಪಾಯಿಂಟ್ ಬಳಸಿದಾಗ. ನಿಮ್ಮ ಲೆನ್ಸ್ 210 ಎಂಎಂನಲ್ಲಿ ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.2 ಒಳಗೆ ಬಿಡುವ ಬೆಳಕಿನ ಸುಮಾರು 28ನೇ ಒಂದು ಭಾಗ ಮಾತ್ರ ಅದರಲ್ಲಿ ಒಳಗೆ ಬರುತ್ತದೆ. ಅದೇ ಲೆನ್ಸನ್ನು ದುಬಾರಿ ಕ್ಯಾಮೆರಾಗೆ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನೊಂದು ವಿಷಯ. ರಂಗಸ್ಥಳ ನೀವು ಅಂದುಕೊಂಡಷ್ಟು ಕತ್ತಲಾಗಿಲ್ಲ. ಊರಿನ ಬಯಲಾಟಗಳಲ್ಲಿ ನನಗೆ ಸಾಮಾನ್ಯವಾಗಿ ಸಿಗುವ ಅಳತೆ ಎಫ್/2.8, 1/250 ಸೆಕೆಂಡ್, ಐಎಸ್‌ಒ 3200. ಐಎಸ್‌ಒ ಅಂದರೆ ಸೆನ್ಸರಿನ ಸಿಗ್ನಲನ್ನು ಎಷ್ಟು ಎತ್ತುತ್ತೇವೆ ಅನ್ನುವ ಅಂಕಿ. ಇವಿ ಲೆಕ್ಕಕ್ಕೆ ತಂದರೆ ಅದು ಪ್ಲಸ್ 6ರ ಹತ್ತಿರ. ಜಾಹೀರಾತಿನ ಮೈನಸ್ 6 ಎಲ್ಲಿ, ಇದು ಎಲ್ಲಿ! ಕತ್ತಲೆ ಅನ್ನಿಸುವುದು ಪ್ರೇಕ್ಷಕರು ಕುಳಿತ ಜಾಗ ಮತ್ತು ಸುತ್ತಲಿನ ಗದ್ದೆ. ಹಾಗಾದರೆ ಇಷ್ಟು ಬೆಳಕಿದ್ದೂ ನಿಮ್ಮ ಕ್ಯಾಮೆರಾ ಯಾಕೆ ತಡಕಾಡುತ್ತದೆ?

ಯಾಕೆಂದರೆ ಫೋಕಸ್ಸಿಗೆ ಬೆಳಕೊಂದೇ ಸಾಲದು, ಅಂಚೂ ಬೇಕು. ಬಿಳಿ ಪಕ್ಕ ಕಪ್ಪು, ಕೆಂಪಿನ ಪಕ್ಕ ಹೊಳೆಯುವ ಚಿನ್ನದ ಬಣ್ಣ, ಹೀಗೆ ಒಂದು ಗೆರೆಯ ಎರಡೂ ಕಡೆ ವ್ಯತ್ಯಾಸ ಇರಬೇಕು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫೋಕಸ್ ಅಳೆಯುವ ಪಿಕ್ಸೆಲ್‌ಗಳು ಸೆನ್ಸರಿನ ಮೇಲೇ ಇರುತ್ತವೆ. ಕೆಲವು ಲೆನ್ಸಿನ ಎಡಭಾಗದಿಂದ ಬಂದ ಬೆಳಕು ನೋಡುತ್ತವೆ, ಕೆಲವು ಬಲಭಾಗದಿಂದ ಬಂದದ್ದು. ಎರಡೂ ಚಿತ್ರಗಳು ಒಂದರ ಮೇಲೊಂದು ಕೂತರೆ ಫೋಕಸ್ ಸರಿ. ಕೂರದಿದ್ದರೆ ಎಷ್ಟು ಜರುಗಿವೆ ಅಂತ ಅಳೆದು ಲೆನ್ಸಿಗೆ ಹೇಳುತ್ತವೆ. ಗೆರೆಯೇ ಇಲ್ಲದ ಜಾಗದಲ್ಲಿ, ಉದಾಹರಣೆಗೆ ನೆರಳಿನಲ್ಲಿರುವ ಕಪ್ಪು ಬಟ್ಟೆಯ ಮೇಲೆ, ಎರಡು ಚಿತ್ರವೂ ಒಂದೇ ಥರ ಮಸುಕು. ಅಳೆಯಲು ಏನೂ ಇಲ್ಲ. ಆಗಲೇ ಲೆನ್ಸ್ ಸುಮ್ನೆ ಹಿಂದೆ ಮುಂದೆ ಹೋಗುವುದು. ಲೆನ್ಸ್ ದೊಡ್ಡದಾಗಿ ತೆರೆದಷ್ಟೂ ಎಡ ಬಲ ಚಿತ್ರಗಳ ಅಂತರ ಜಾಸ್ತಿ ಕಾಣುತ್ತದೆ, ಅಳತೆ ಸುಲಭವಾಗುತ್ತದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಜನ ಗಮನಿಸುವುದಿಲ್ಲ. ಈ ಪಿಕ್ಸೆಲ್‌ಗಳು ಹೆಚ್ಚಿನ ಕ್ಯಾಮೆರಾಗಳಲ್ಲಿ ಎಡ-ಬಲ ಜೋಡಿಗಳು ಮಾತ್ರ, ಮೇಲೆ-ಕೆಳಗೆ ಜೋಡಿಗಳು ಇರುವುದಿಲ್ಲ. ಹಾಗಾಗಿ ಕ್ಯಾಮೆರಾವನ್ನು ಮಾಮೂಲಿಯಾಗಿ ಹಿಡಿದಾಗ ಅವು ನೆಟ್ಟಗೆ ನಿಂತ ಗೆರೆಗಳನ್ನು ಚೆನ್ನಾಗಿ ಹಿಡಿಯುತ್ತವೆ, ಅಡ್ಡ ಗೆರೆಗಳಲ್ಲಿ ಸೋಲುತ್ತವೆ. ಒಡ್ಡೋಲಗದಲ್ಲಿ, ಅಂದರೆ ವೇಷದ ಮೊದಲ ಪ್ರವೇಶದಲ್ಲಿ, ಇಬ್ಬರು ತೆರೆ ಹಿಡಿದು ನಿಂತಿರುತ್ತಾರಲ್ಲ, ಆ ತೆರೆಯ ಮೇಲಿನ ಅಂಚಿಗೆ ಫೋಕಸ್ ಮಾಡಲು ಹೋಗಿ ನೋಡಿ. ಬೆಳಕು ಚೆನ್ನಾಗಿದ್ದರೂ ಎಷ್ಟೋ ಸಲ ಸಿಗುವುದಿಲ್ಲ, ಯಾಕೆಂದರೆ ಅದು ಅಡ್ಡ ಗೆರೆ. ತೆರೆ ಹಿಡಿದವರ ಬೆರಳುಗಳಿಗೆ ಹಿಡಿಯಿರಿ, ತಟ್ಟನೆ ಸಿಗುತ್ತದೆ. ಬೆರಳೂ ಸರಿಯಾಗಿ ಕಾಣದಿದ್ದರೆ ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ ಫೋಕಸ್ ಹಿಡಿದು, ಮತ್ತೆ ನೇರ ಮಾಡಿ. ಕ್ಯಾಮೆರಾ ಅಡ್ಡ ಹಿಡಿದಾಗ ಸಿಗದ ಫೋಕಸ್ ಉದ್ದಕ್ಕೆ ತಿರುಗಿಸಿದಾಗ ಸಿಕ್ಕರೆ ಆಶ್ಚರ್ಯಪಡಬೇಡಿ, ಕಾರಣ ಇದೇ.

ಈಗ ವೇಷದ ಕಡೆ ಬನ್ನಿ. ಪುಂಡುವೇಷ (ತರುಣ ವೀರರ ಪಾತ್ರ), ಸ್ತ್ರೀವೇಷಗಳಿಗೆ ಕ್ಯಾಮೆರಾದ ಮುಖ ಗುರುತಿಸುವ ವ್ಯವಸ್ಥೆ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣು, ಹುಬ್ಬು, ಬಾಯಿ ಎಲ್ಲ ಇದ್ದ ಜಾಗದಲ್ಲೇ ಕಾಣುತ್ತವೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷ (ರಾಕ್ಷಸ ಪಾತ್ರ) ಬಂದಾಗ ಅದನ್ನು ಆಫ್ ಮಾಡಿ. ಚುಟ್ಟಿ (ಬಿಳಿ ಹಿಟ್ಟಿನ ಉಬ್ಬು ಅಲಂಕಾರ) ಇಟ್ಟ ಮುಖದಲ್ಲಿ ಕಣ್ಣು ಎಲ್ಲಿ, ಮೂಗು ಎಲ್ಲಿ ಅಂತ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ಅದು ಪಕ್ಕದಲ್ಲಿ ಕೂತ ಮದ್ದಳೆಗಾರರ ಮುಖ ಹುಡುಕಿಕೊಂಡು ಹೋಗುತ್ತದೆ. ಬ್ಯಾನರ್ ಮೇಲಿನ ಫೋಟೊಗೂ ಹೋಗುತ್ತದೆ! ನಿಮ್ಮ ಫೋಕಸ್ ಬ್ಯಾನರಿಗೆ ಹೋಗಿದ್ದು ಹೀಗೇ ಇರಬಹುದು.

ಆಗ ಒಂದೇ ಫೋಕಸ್ ಪಾಯಿಂಟ್ ಇಟ್ಟುಕೊಳ್ಳಿ. ತೀರಾ ಸಣ್ಣದು ಬೇಡ, ಮಧ್ಯಮ ಗಾತ್ರದ್ದು. ಸಣ್ಣ ಚೌಕದೊಳಗೆ ಗೆರೆ ಬೀಳದೇ ಹೋಗುವ ಸಾಧ್ಯತೆ ಜಾಸ್ತಿ. ದೊಡ್ಡ ಏರಿಯಾ ಕೊಟ್ಟರೆ ಎದುರಿಗಿರುವ ಮೈಕಿಗೆ ಅಂಟಿಕೊಳ್ಳುತ್ತದೆ. ಆ ಪಾಯಿಂಟನ್ನು ಕೆನ್ನೆಯ ಮೇಲೆ ಇಡಬೇಡಿ. ಕೆನ್ನೆಗೂ ಕಿರೀಟಕ್ಕೂ ನಡುವಿನ ಅಂಚಿನಲ್ಲಿ ಇಡಿ, ಇಲ್ಲವೇ ಚುಟ್ಟಿಯ ಬಿಳಿ ಮುಗಿದು ಬಣ್ಣ ಶುರುವಾಗುವ ಕಡೆ. ಎದೆಕಟ್ಟಿನ ಹೊಳಪಿಗೂ ಫೋಕಸ್ ಬೇಗ ಸಿಗುತ್ತದೆ, ಅದು ಹೆಚ್ಚುಕಡಿಮೆ ಮುಖದಷ್ಟೇ ದೂರದಲ್ಲಿ ಇರುವುದರಿಂದ ನಷ್ಟವಿಲ್ಲ. ಉತ್ತರದ ಶೈಲಿಯಾದ ಬಡಗುತಿಟ್ಟಿನ ಕಸೆ ಸೀರೆಯ ಚೌಕಳಿಯಂತೂ ಫೋಕಸ್ಸಿಗೆ ಹೇಳಿ ಮಾಡಿಸಿದ ಹಾಗಿದೆ. ಉದ್ದ ಗೆರೆ, ಅಡ್ಡ ಗೆರೆ ಎರಡೂ ಇವೆ.

ಎದೆಕಟ್ಟಿಗೆ ಫೋಕಸ್ ಮಾಡಿದರೆ ಕಣ್ಣು ಮಸುಕಾಗಲ್ವಾ ಅಂತ ಕೇಳಬಹುದು. ಲೆಕ್ಕ ಹಾಕಿ ನೋಡೋಣ. ನಿಮ್ಮ ಸೆನ್ಸರಿನಲ್ಲಿ 85 ಎಂಎಂ ಲೆನ್ಸ್ ಹಾಕಿ, ಎಫ್/1.8 ಇಟ್ಟು, 8 ಮೀಟರ್ ದೂರದ ಕಲಾವಿದರಿಗೆ ಫೋಕಸ್ ಮಾಡಿದರೆ ಮುಂದೆ ಹಿಂದೆ ಸೇರಿ ಸುಮಾರು 60 ಸೆಂಟಿಮೀಟರ್ ಸ್ಪಷ್ಟವಾಗಿ ಬರುತ್ತದೆ. ಅಷ್ಟು ಸಾಕು. ಎಫ್/1.8 ಅಂದರೆ ಕೂದಲೆಳೆಯಷ್ಟು ಜಾಗ ಮಾತ್ರ ಫೋಕಸ್ ಅನ್ನುವ ಭಯ ಪ್ರೇಕ್ಷಕರ ಸಾಲಿನಿಂದ ತೆಗೆಯುವವರಿಗೆ ಬೇಡ. ಅದು ಹತ್ತಿರದ ಸಮಸ್ಯೆ. ಚೌಕಿಯ (ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗದ) ವಿಷಯ ಬಂದಾಗ ಹೇಳುತ್ತೇನೆ.

ಹಾಗಾಗಿ ದುಡ್ಡು ಖರ್ಚು ಮಾಡುವುದೇ ಆದರೆ 50 ಎಂಎಂ ಅಥವಾ 85 ಎಂಎಂ ಎಫ್/1.8 ಲೆನ್ಸಿಗೆ ಮಾಡಿ. ಎಫ್/6.3ಕ್ಕೆ ಹೋಲಿಸಿದರೆ 12 ಪಟ್ಟು ಬೆಳಕು ಒಳಗೆ ಬರುತ್ತದೆ. ನಾನು ಮೇಲೆ ಹೇಳಿದ ಐಎಸ್‌ಒ 3200ರ ಫೋಟೊವನ್ನೇ ಎಫ್/6.3ರಲ್ಲಿ ತೆಗೆಯಲು ಐಎಸ್‌ಒ 16000 ಬೇಕಾಗುತ್ತದೆ. ಎರಡರಲ್ಲಿ ಯಾವುದು ಅಂದರೆ, 8 ಮೀಟರ್ ದೂರದಿಂದ 85 ಎಂಎಂ ಲೆನ್ಸಿನಲ್ಲಿ ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಚಿತ್ರದಲ್ಲಿ ಸುಮಾರು 2.2 ಮೀಟರ್ ಎತ್ತರ ಸಿಗುತ್ತದೆ. ಕಿರೀಟ ಸಮೇತ ನಿಂತ ಕಲಾವಿದ ಅಷ್ಟರಲ್ಲಿ ಕಷ್ಟಪಟ್ಟು ಹಿಡಿಸುತ್ತಾರೆ, ಕೈ ಮೇಲೆತ್ತಿದರೆ ಹೋಯಿತು. 50 ಎಂಎಂ ಆದರೆ ಕ್ಯಾಮೆರಾ ಅಡ್ಡ ಹಿಡಿದೇ ಎರಡೂವರೆ ಮೀಟರ್ ಎತ್ತರ ಬರುತ್ತದೆ, ಅಕ್ಕಪಕ್ಕ ಕುಣಿಯಲು ಜಾಗವೂ ಉಳಿಯುತ್ತದೆ. ನನ್ನ ಆಯ್ಕೆ 50.

ವ್ಯೂಫೈಂಡರಿನ ಚುಕ್ಕಿ ಮತ್ತು ತಡೆತಕ್ಕೆ ಬರೋಣ. ಇಲ್ಲಿ ನೀವು ನೋಡುವುದು ಗಾಜಿನ ಮೂಲಕ ಅಲ್ಲ, ಒಂದು ಪುಟ್ಟ ಟಿವಿ ಪರದೆಯ ಮೇಲೆ. ಕತ್ತಲಾದಾಗ ಕ್ಯಾಮೆರಾ ಸಿಗ್ನಲನ್ನು ಎಳೆದು ದೊಡ್ಡದು ಮಾಡುತ್ತದೆ, ಅದೇ ಚುಕ್ಕಿ. ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ, ಅದೇ ತಡೆತ. ಸೆಟ್ಟಿಂಗ್‌ನಲ್ಲಿ ಎಕ್ಸ್‌ಪೋಷರ್ (ಫೋಟೊಗೆ ಸಿಗುವ ಬೆಳಕು) ಮೊದಲೇ ತೋರಿಸುವ ಆಯ್ಕೆ ಇರುತ್ತದೆ. ಸೋನಿಯಲ್ಲಿ ಸೆಟ್ಟಿಂಗ್ ಎಫೆಕ್ಟ್, ಕ್ಯಾನನ್‌ನಲ್ಲಿ ಎಕ್ಸ್‌ಪೋಷರ್ ಸಿಮ್ಯುಲೇಶನ್, ಬೇರೆ ಕಂಪನಿಗಳಲ್ಲಿ ಬೇರೆ ಹೆಸರು. ರಂಗಸ್ಥಳದ ಬೆಳಕಿಗೆ ಅದು ಆನ್ ಇರಲಿ, ಬಿಳಿ ಚುಟ್ಟಿ ಸುಟ್ಟುಹೋಗುತ್ತಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಚೌಕಿಯ ಮಂದ ಬೆಳಕಿನಲ್ಲಿ, ಏನೂ ಕಾಣದಿದ್ದಾಗ ಅದನ್ನು ಆಫ್ ಮಾಡಿ. ಈ ಎರಡರ ನಡುವೆ ಬದಲಿಸಲು ಒಂದು ಬಟನ್ ಮೀಸಲಿಡಿ, ಕತ್ತಲಲ್ಲಿ ಮೆನು ಹುಡುಕುವ ಕೆಲಸ ಬೇಡ.

ಕೆಲವು ಕ್ಯಾಮೆರಾಗಳು ನೀವು ಇಟ್ಟ ಅಪರ್ಚರಿನಲ್ಲೇ (ಲೆನ್ಸ್ ತೆರೆದಿರುವ ಅಳತೆಯಲ್ಲೇ) ಫೋಕಸ್ ಅಳೆಯುತ್ತವೆ, ಕೆಲವು ಲೆನ್ಸನ್ನು ಪೂರ್ತಿ ತೆರೆದು ಅಳೆಯುತ್ತವೆ. ನಿಮ್ಮದು ಯಾವ ಥರ ಅಂತ ಮನೆಯಲ್ಲೇ ಪರೀಕ್ಷಿಸಬಹುದು. ಲೆನ್ಸನ್ನು 55 ಎಂಎಂನಲ್ಲಿ ನಿಲ್ಲಿಸಿ, ಅಪರ್ಚರ್ ಎಫ್/5.6 ಇಟ್ಟು, ಲೆನ್ಸಿನ ಮುಂಭಾಗವನ್ನು ನಿಮ್ಮ ಕಡೆ ತಿರುಗಿಸಿ, ಬಟನ್ ಅರ್ಧ ಒತ್ತಿ ಒಳಗಿನ ಎಲೆಗಳನ್ನು ನೋಡಿ. ತೆರೆದುಕೊಳ್ಳದಿದ್ದರೆ, ರಾತ್ರಿ ಹೊತ್ತು ನೀವು ಅಪರ್ಚರ್ ಮುಚ್ಚಿದಷ್ಟೂ ಫೋಕಸ್ಸಿಗೆ ಕಷ್ಟ ಅಂತ ಅರ್ಥ.

ಪರದೆಯ ಬ್ರೈಟ್‌ನೆಸ್ ಬಗ್ಗೆ ನನಗೆ ಆದ ಅನುಭವ ಹೇಳುತ್ತೇನೆ. ಮಿರರ್‌ಲೆಸ್ ತಗೊಂಡ ಮೊದಲ ಸೀಸನ್ನಿನಲ್ಲಿ ಒಂದು ಇಡೀ ರಾತ್ರಿಯ ಆಟ ತೆಗೆದೆ. ಪ್ರತಿ ಫೋಟೊ ಪರದೆಯಲ್ಲಿ ಬೆಳಗುತ್ತಿತ್ತು. ಬೆಳಗ್ಗೆ ಮನೆಗೆ ಬಂದು ನೋಡಿದರೆ ಎಲ್ಲವೂ ಕಪ್ಪು. ಕತ್ತಲಿಗೆ ಒಗ್ಗಿದ ಕಣ್ಣಿಗೆ ಸಣ್ಣ ಪರದೆಯೂ ಸೂರ್ಯನ ಹಾಗೆ ಕಾಣುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ತೆಗೆದ ಫೋಟೊ ನೋಡಲೆಂದು ಹಿಂದಿನ ಪರದೆ ಒಮ್ಮೆ ಬೆಳಗಿದರೆ ಆ ಹೊಂದಿಕೆ ಹಾಳಾಗುತ್ತದೆ, ಜೊತೆಗೆ ಹಿಂದೆ ಕೂತ ಅಜ್ಜಿಗೂ ತೊಂದರೆ. ಬ್ರೈಟ್‌ನೆಸ್ ಆಟೋದಲ್ಲಿ ಬಿಡದೆ ಕೈಯಾರೆ ಎರಡು ಹಂತ ಇಳಿಸಿ. ತೆಗೆದ ಫೋಟೊ ತಾನಾಗಿ ಕಾಣಿಸುವುದನ್ನು ನಿಲ್ಲಿಸಿ. ಬೆಳಕು ಸರಿ ಇದೆಯಾ ಅನ್ನುವುದಕ್ಕೆ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ನಂಬಿ, ಕಣ್ಣನ್ನಲ್ಲ.

ಬಣ್ಣದ ಎಲ್ಇಡಿ ಲೈಟುಗಳ ಬಗ್ಗೆ ನನಗೆ ನಿಜವಾದ ಬೇಸರವಿದೆ. ದೊಂದಿಯ ಬೆಳಕಿಗೆಂದು ಹುಟ್ಟಿದ ಬಣ್ಣಗಾರಿಕೆ ಅದು. ಆ ಕೆಂಪು, ಹಳದಿ, ಚಿನ್ನದ ಬಣ್ಣ ಬೆಂಕಿಯ ಬೆಳಕಿನಲ್ಲಿ ಉರಿಯುವ ಹಾಗೆ ಕಾಣುತ್ತವೆ. ಅದರ ಮೇಲೆ ನೀಲಿ ಲೈಟ್ ಬಿಟ್ಟರೆ ಕೆಂಪು ಕಪ್ಪಾಗುತ್ತದೆ, ಚಿನ್ನ ಬೂದಿಯಾಗುತ್ತದೆ. ಫೋಕಸ್ಸಿಗೂ ಅದು ಕೆಟ್ಟದ್ದು. ಸೆನ್ಸರಿನ ಪಿಕ್ಸೆಲ್‌ಗಳಲ್ಲಿ ಅರ್ಧ ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ ಮೀಸಲು. ಬರೀ ನೀಲಿ ಬೆಳಕು ಬಿದ್ದರೆ ಮುಕ್ಕಾಲು ಭಾಗ ಪಿಕ್ಸೆಲ್‌ಗಳಿಗೆ ಹೆಚ್ಚೇನೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಲೆನ್ಸ್ ತಡಕಾಡಿದರೆ ಸುಮ್ಮನೆ ಕಾಯಿರಿ. ಬಿಳಿ ಅಥವಾ ಹಳದಿ ಬೆಳಕು ಮರಳಿದಾಗ ತೆಗೆಯಿರಿ.

ಇನ್ನು ಪಟ್ಟಿ ಪಟ್ಟಿ ಬರುವ ಸಮಸ್ಯೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/100 ಅಥವಾ 1/50ರಲ್ಲಿ ಪಟ್ಟಿ ಬರುವುದಿಲ್ಲ, ಅದಕ್ಕಿಂತ ವೇಗ ಹೆಚ್ಚಿದರೆ ಬರಬಹುದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ. ಆಂಟಿ-ಫ್ಲಿಕರ್ ಆನ್ ಇರಲಿ. ಚೆಂಡೆಯ ಪಕ್ಕದಲ್ಲಿ ಶಟರ್ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಕಿರೀಟ ಕತ್ತರಿಸಿ ಹೋಗುವುದು ಫೋಕಸ್ ಸಮಸ್ಯೆಯಲ್ಲ, ಆದರೆ ಫೋಕಸ್ಸಿನಿಂದಲೇ ಶುರುವಾಗುತ್ತದೆ. ನಡುವಿನ ಪಾಯಿಂಟನ್ನು ಮುಖದ ಮೇಲೆ ಇಟ್ಟುಕೊಂಡು ಕಲಾವಿದರ ಹಿಂದೆ ಕ್ಯಾಮೆರಾ ಓಡಿಸುತ್ತೀರಿ. ಮುಖ ನಡುವೆ ಬಂತು ಅಂದರೆ ಮೇಲೆ ಕಿರೀಟಕ್ಕೆ ಜಾಗವಿಲ್ಲ, ಕೆಳಗೆ ಬೇಡದ ನೆಲ. ಮೇಲಾಗಿ ತಡೆಯುತ್ತಾ ಬರುವ ವ್ಯೂಫೈಂಡರ್ ತೋರಿಸುವುದು ಆಗಲೇ ಕಳೆದ ಕ್ಷಣವನ್ನು.

ಉಲ್ಟಾ ಮಾಡಿ. ಮೊದಲು ಫ್ರೇಮ್ ಕಟ್ಟಿ, ಕಲಾವಿದರು ಅದರೊಳಗೆ ಬರಲಿ. ಯಕ್ಷಗಾನದಲ್ಲಿ ಇದು ಬೇರೆ ಯಾವ ರಂಗಕಲೆಗಿಂತಲೂ ಸುಲಭ, ಯಾಕೆಂದರೆ ಕುಣಿತಕ್ಕೆ ಲೆಕ್ಕವಿದೆ. ಹತ್ತು ನಿಮಿಷ ಕ್ಯಾಮೆರಾ ಮಡಿಲಲ್ಲಿ ಇಟ್ಟುಕೊಂಡು ಬರೀ ನೋಡಿ. ಪದ್ಯದ ಕೊನೆಗೆ, ಮುಕ್ತಾಯದ ಪೆಟ್ಟಿಗೆ ಸರಿಯಾಗಿ, ವೇಷಧಾರಿ ಸುಮಾರಾಗಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಅರೆಕ್ಷಣ ನಿಲ್ಲುತ್ತಾರೆ, ಅಷ್ಟು ಸಾಕು. ಆ ಜಾಗದ ಸುತ್ತ ಫ್ರೇಮ್ ಕಟ್ಟಿ. ಬ್ಯಾನರ್ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೆ, ಕಂಬಕ್ಕೆ ಕಟ್ಟಿದ ಟ್ಯೂಬ್‌ಲೈಟ್ ಕಿರೀಟದ ಹಿಂದೆ ಬೀಳುತ್ತದಾ, ಮೈಕು ಮುಖಕ್ಕೆ ಅಡ್ಡವಾ, ಇದನ್ನೆಲ್ಲ ಆಗಲೇ ನೋಡಿಕೊಳ್ಳಬಹುದು. ಕೂತ ಜಾಗದಿಂದ ಎರಡು ಹೆಜ್ಜೆ ಎಡಕ್ಕೆ ಸರಿದರೆ ಬ್ಯಾನರ್ ತಪ್ಪಿ ಹಿಂದೆ ಬರೀ ಕತ್ತಲೆ ಸಿಗಬಹುದು. ಕತ್ತಲೆ ಒಳ್ಳೆಯ ಹಿನ್ನೆಲೆ. ಕಿರೀಟದ ಮೇಲೆ ಒಂದು ಗೇಣು ಖಾಲಿ ಬಿಡಿ. ಫೋಕಸ್ ಪಾಯಿಂಟನ್ನು ನಡುವಿನಿಂದ ಎತ್ತಿ, ಮುಖ ಬರುವ ಎತ್ತರದಲ್ಲಿ ಮೊದಲೇ ಇಟ್ಟುಬಿಡಿ. ಎಡಗಣ್ಣು ತೆರೆದಿರಲಿ. ಅದು ನೇರವಾಗಿ ನೋಡುತ್ತದೆ, ತಡೆತವಿಲ್ಲ. ಶಟರ್ ಒತ್ತುವುದನ್ನು ಚೆಂಡೆಗೆ ಬಿಡಿ. ಕಿವಿಗೆ ತಾಳ ಸಿಕ್ಕಮೇಲೆ ಬೆರಳು ತಾನಾಗಿ ಒತ್ತುತ್ತದೆ.

ಫೋಕಸ್ ಮಾಡುವ ಕೆಲಸವನ್ನು ಶಟರ್ ಬಟನ್ನಿನಿಂದ ತೆಗೆದು ಹಿಂದಿನ ಎಎಫ್-ಆನ್ ಬಟನ್ನಿಗೆ ಕೊಡಿ. ಹೆಬ್ಬೆರಳಿಂದ ಒಮ್ಮೆ ಫೋಕಸ್ ಹಿಡಿದು ಬಿಟ್ಟರೆ, ಶಟರ್ ಎಷ್ಟು ಸಲ ಒತ್ತಿದರೂ ಲೆನ್ಸ್ ಅಲ್ಲಾಡುವುದಿಲ್ಲ. ತೆರೆಯ ಒಡ್ಡೋಲಗಕ್ಕೆ ಇದು ಬೇಕೇ ಬೇಕು. ತೆರೆ ಹಿಡಿದವರ ಬೆರಳಿಗೆ ಫೋಕಸ್ ಹಿಡಿದು ಹೆಬ್ಬೆರಳು ತೆಗೆಯಿರಿ. ವೇಷ ತೆರೆಯ ಬೆನ್ನಿಗೇ ಇರುತ್ತದೆ, ಸ್ವಲ್ಪ ಹಿಂದೆ. ಎಫ್/2.8 ಇಟ್ಟರೆ ಅಷ್ಟು ಅಂತರ ಫೋಕಸ್ಸಿನೊಳಗೇ ಬರುತ್ತದೆ. ಬಣ್ಣದ ವೇಷದ ಪ್ರವೇಶದಲ್ಲಿ ದೊಂದಿಗೆ ರಾಳದ ಪುಡಿ ಎಸೆದಾಗ ಜ್ವಾಲೆ ಭಗ್ಗನೆ ಏಳುತ್ತದೆ. ಆಟೋಫೋಕಸ್ ಆ ಬೆಂಕಿಯನ್ನೇ ಹಿಡಿಯಲು ಹೋಗುತ್ತದೆ, ಆಟೋ ಎಕ್ಸ್‌ಪೋಷರ್ ಆ ಬೆಳಕು ನೋಡಿ ಮುಖವನ್ನು ಕಪ್ಪು ಮಾಡುತ್ತದೆ. ಎರಡನ್ನೂ ಮೊದಲೇ ಕಟ್ಟಿಹಾಕಿದ್ದರೆ, ಅಂದರೆ ಫೋಕಸ್ ನಿಂತಿದ್ದು ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲಿ ಇದ್ದರೆ, ಆ ಒಂದು ಕ್ಷಣದ ಕೆಂಪು ಬೆಳಕಿನಲ್ಲಿ ಕಿರೀಟ ಸಮೇತ ಇಡೀ ಮುಖ ಸಿಗುತ್ತದೆ. ನಾನು ಇಡೀ ರಾತ್ರಿ ಕೂರುವುದೇ ಆ ಒಂದು ಫೋಟೊಗೆ.

ಶಟರ್ ವೇಗ ಜಾಸ್ತಿ ತಲೆಕೆಡಿಸಿಕೊಳ್ಳುವ ವಿಷಯವಲ್ಲ. ಅರ್ಥಗಾರಿಕೆ ನಡೆಯುವಾಗ 1/125 ಸಾಕು. ಕುಣಿತಕ್ಕೆ 1/250, ಧೀಂಗಿಣಕ್ಕೆ (ಹಾರಿ ಸುತ್ತುವ ಕುಣಿತಕ್ಕೆ) ಮತ್ತು ಮಂಡಿ ಕುಣಿತಕ್ಕೆ 1/500. ಕ್ಯಾಮೆರಾ ಒಳಗಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕ ತಡೆಯುತ್ತದೆ, ಕುಣಿಯುವವರನ್ನು ನಿಲ್ಲಿಸುವುದಿಲ್ಲ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ, 6400ಕ್ಕೆ ಹೆದರಬೇಡಿ. ಚುಕ್ಕಿ ಇರುವ ಸ್ಪಷ್ಟ ಫೋಟೊ ಸರಿ ಮಾಡಬಹುದು, ಅಲ್ಲಾಡಿದ್ದನ್ನು ಆಗುವುದಿಲ್ಲ. ರಾ ಫೈಲ್‌ನಲ್ಲೇ ತೆಗೆಯಿರಿ. ಫ್ಲ್ಯಾಶ್ ಬೇಡವೇ ಬೇಡ, ಕುಣಿಯುವವರ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಫೋಕಸ್ ಅಸಿಸ್ಟ್ ಲ್ಯಾಂಪ್ ಕೂಡ ಆಫ್ ಮಾಡಿ. ಅದರ ಬೆಳಕು ಕೆಲವೇ ಮೀಟರ್ ಹೋಗುತ್ತದೆ, ರಂಗಸ್ಥಳಕ್ಕೆ ಮುಟ್ಟುವುದಿಲ್ಲ, ಮುಂದೆ ಕೂತವರ ಬೆನ್ನಿಗೆ ಬೀಳುತ್ತದೆ.

ಚೌಕಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಬೆಳಕು ನಿಜವಾಗಿಯೂ ಕಡಿಮೆ, ದೂರವೂ ಕಡಿಮೆ. ಮೊದಲು ಅನುಮತಿ ಕೇಳಿ, ಬಣ್ಣ ಹಚ್ಚುವವರ ಬೆಳಕಿಗೆ ಅಡ್ಡ ನಿಲ್ಲಬೇಡಿ. 50 ಎಂಎಂ ಲೆನ್ಸ್, ಎಫ್/1.8, 2 ಮೀಟರ್ ದೂರ. ಫೋಕಸ್ ಆದ ಜಾಗದಿಂದ ಮುಂದೆ 6 ಸೆಂಟಿಮೀಟರ್, ಹಿಂದೆ 6 ಸೆಂಟಿಮೀಟರ್ ಮಾತ್ರ ಸ್ಪಷ್ಟ. ನಡುವಿನ ಪಾಯಿಂಟಿನಿಂದ ಕಣ್ಣಿಗೆ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ತಿರುಗಿಸಿ ಮುಖವನ್ನು ಅಂಚಿಗೆ ತಂದರೆ ಫೋಕಸ್ 4 ಸೆಂಟಿಮೀಟರಿನಷ್ಟು ಹಿಂದಕ್ಕೆ ಬೀಳುತ್ತದೆ. ಇರುವ ಆರರಲ್ಲಿ ನಾಲ್ಕು ಅಲ್ಲೇ ಹೋಯಿತು. ನೀವು ಉಸಿರಾಡಿ ಸ್ವಲ್ಪ ವಾಲಿದರೆ ಉಳಿದದ್ದೂ ಹೋಯಿತು. ಕಣ್ಣು ಮಸುಕು, ಕಿವಿ ಸ್ಪಷ್ಟ. ಹಾಗಾಗಿ ಇಲ್ಲಿ ಪಾಯಿಂಟನ್ನೇ ಕಣ್ಣಿನ ಜಾಗಕ್ಕೆ ಸರಿಸಿ. ಕಣ್ಣು ವ್ಯೂಫೈಂಡರಿನಲ್ಲಿ ಇರುವಾಗಲೇ ಹಿಂದಿನ ಪರದೆಯ ಮೇಲೆ ಹೆಬ್ಬೆರಳು ಎಳೆದು ಪಾಯಿಂಟ್ ಸರಿಸುವ ಸೌಲಭ್ಯ ಬಹಳ ಕ್ಯಾಮೆರಾಗಳಲ್ಲಿದೆ, ಹುಡುಕಿ ಆನ್ ಮಾಡಿ.

ಆಟೋಫೋಕಸ್ ಕೈಕೊಟ್ಟರೆ ಮ್ಯಾನುಯಲ್‌ಗೆ ಹೋಗಿ. ಆದರೆ ಪೀಕಿಂಗ್ ಒಂದನ್ನೇ ನಂಬಬೇಡಿ. ಅದು ಅಂಚು ಕಂಡಲ್ಲೆಲ್ಲ ಬಣ್ಣ ಬಳಿಯುತ್ತದೆ, ಕತ್ತಲಲ್ಲಿ ಚುಕ್ಕಿಗಳನ್ನೂ ಅಂಚು ಅಂದುಕೊಳ್ಳುತ್ತದೆ, ಹಾಗಾಗಿ ನಿಜವಾದ ಫೋಕಸ್‌ಗಿಂತ ಜಾಸ್ತಿ ಜಾಗ ತೋರಿಸುತ್ತದೆ. ಚಿತ್ರವನ್ನು ದೊಡ್ಡದು ಮಾಡಿ, ಹುಬ್ಬಿನ ಗೆರೆಯೋ ಹಣೆಯ ನಾಮವೋ ಚೂಪಾಗುವವರೆಗೆ ರಿಂಗ್ ತಿರುಗಿಸಿ. ಚೌಕಿಯಲ್ಲಿ ಅದಕ್ಕೆ ಸಮಯವಿದೆ. ಕನ್ನಡಿ ಹಿಡಿದು ಬಣ್ಣ ಬರೆಯುವವರು ಅಲುಗಾಡದೆ ಕೂತಿರುತ್ತಾರೆ. ಕನ್ನಡಿಯೊಳಗಿನ ಮುಖ ಬೇಕೆಂದರೆ ಕನ್ನಡಿಯ ಚೌಕಟ್ಟಿಗೆ ಫೋಕಸ್ ಮಾಡಬೇಡಿ. ಒಳಗಿನ ಮುಖಕ್ಕೆ ಮಾಡಬೇಕು, ಕನ್ನಡಿಯಿಂದ ಮುಖ ಎಷ್ಟು ದೂರವೋ ಅಷ್ಟೇ ದೂರ ಅದು ಕನ್ನಡಿಯ ಆಚೆ ಇರುತ್ತದೆ.

ಪತ್ತನಾಜೆಗೆ (ಮೇ ತಿಂಗಳ ಕೊನೆಯ ಹೊತ್ತಿಗೆ) ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತಿರುಗಾಟ ಶುರುವಾಗುವುದು ದೀಪಾವಳಿ ಕಳೆದು. ಆ ಮಳೆಗಾಲದಲ್ಲಿ ಮನೆಯ ಒಂದು ಕೋಣೆಯಲ್ಲಿ ಒಂದೇ ಬಲ್ಬ್ ಹಾಕಿ, ಚೌಕಳಿ ಬೈರಾಸು (ಟವೆಲ್) ಒಂದನ್ನು ಹಗ್ಗಕ್ಕೆ ತೂಗುಹಾಕಿ, ಹೆಬ್ಬೆರಳಿನ ಫೋಕಸ್ ಮತ್ತು ಪಾಯಿಂಟ್ ಸರಿಸುವುದು ನೋಡದೆ ಬರುವ ತನಕ ಅಭ್ಯಾಸ ಮಾಡಿ. ಕೈಯಲ್ಲಿರುವ 55-210 ಲೆನ್ಸನ್ನು 55 ಎಂಎಂನಲ್ಲಿ ನಿಲ್ಲಿಸಿದರೆ ಅದು ಎಫ್/4.5ರಷ್ಟು ತೆರೆಯುತ್ತದೆ, 210ರಲ್ಲಿ ಸಿಗುವುದರ ಎರಡು ಪಟ್ಟು ಬೆಳಕು. ಹೊಸ ಲೆನ್ಸ್ ಬರುವವರೆಗೆ ಜೂಮ್ ಮಾಡದೆ, ಮುಂದಿನ ಸಾಲಿನಲ್ಲಿ ನೆಲಕ್ಕೆ ಕೂತು ಅದರಲ್ಲೇ ತೆಗೆಯಿರಿ.